ಆಪರೇಷನ್ ಕೋಣೆಯ ಮಡಿ

ಸುಮಾರು ನಲವತ್ತು ವರ್ಷದ ಗೃಹಿಣಿಯೊಬ್ಬರು ಗಂಡನ ಜೊತೆ ನನ್ನ ಬಳಿ ಬಂದಿದ್ದರು. ಪಿತ್ತಕೋಶದಲ್ಲಿ ಕಲ್ಲು ಇದೆಯೆಂದು ಎರಡು ತಿಂಗಳ ಹಿಂದೆ ಲ್ಯಾಪರೋಸ್ಕೋಪ್ ಮೂಲಕ, ಅಂದರೆ ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು ಮಾಡಿ ದುರ್ಬೀನು ತೂರಿಸುವ ವಿಧಾನದಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಮೂರನೆಯ ದಿನವೇ ಮನೆಗೆ ಹೋಗಿದ್ದರು. ಹತ್ತನೆಯ ದಿನ ಹೊಲಿಗೆ ಬಿಚ್ಚಿದಾಗ ಗಾಯ ಚೆನ್ನಾಗಿ ಕೂಡಿಕೊಂಡಿತ್ತು. ಆದರೆ ತಿಂಗಳು ಕಳೆದ ಮೇಲೆ ಹೊಕ್ಕುಳಿನ ಪಕ್ಕದ ಗಾಯದಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿತು. ಅಂಥ ನೋವಿಲ್ಲ, ಜ್ವರವೂ ಇಲ್ಲ. ಕೆಲವೇ ದಿನಗಳಲ್ಲಿ ಗಂಟು ಒಡೆದು ನೀರಿನಂಥ ಕೀವು ಒಸರತೊಡಗಿತು. ಒಂದಾದ ಮೇಲೊಂದರಂತೆ ಮೂರು ಬಗೆಯ ಆಂಟಿಬಯೋಟಿಕ್ ನುಂಗಿದ್ದಾಯಿತು. ಗಾಯ ಒಣಗಿದಂತೆ ಕಾಣುವುದು, ವಾರದಲ್ಲಿ ಮತ್ತೆ ಒಸರುವುದು.

"ಡಾಕ್ಟ್ರೇ, ಇವಳು ಬಾಣಂತಿಗಿಂತ ಹೆಚ್ಚು ಪಥ್ಯ ಮಾಡಿದ್ದಾಳೆ. ಬದನೆಕಾಯಿ ಮುಟ್ಟಿಲ್ಲ, ಕುಂಬಳಕಾಯಿ ಮುಟ್ಟಿಲ್ಲ. ಆದರೂ ನಂಜು ಹೇಗೆ ಆಯಿತು?" ಎಂದು ಗಂಡ ಕೇಳಿದರು.

ಈ ನಂಜಿಗೂ ಬದನೆಕಾಯಿಗೂ ಸಂಬಂಧವಿರಲಿಲ್ಲ. ಕೀವನ್ನು ವಿಶೇಷ ಪರೀಕ್ಷೆಗೆ ಕಳಿಸಿದಾಗ ಅದರಲ್ಲಿ ಸಿಕ್ಕಿದ್ದು ಮೈಕೋಬ್ಯಾಕ್ಟೀರಿಯಂ ಎಂಬ ಪಂಗಡಕ್ಕೆ ಸೇರಿದ ಒಂದು ರೋಗಾಣು. ಕ್ಷಯ ಮತ್ತು ಕುಷ್ಠದ ರೋಗಾಣುಗಳು ಇದರ ದಾಯಾದಿಗಳು. ಆದರೆ ಇದು ಒಬ್ಬರಿಂದ ಒಬ್ಬರಿಗೆ ಕೆಮ್ಮಿನ ಮೂಲಕ ಹರಡುವಂಥದ್ದಲ್ಲ. ಇದರ ವಾಸ ಮಣ್ಣಿನಲ್ಲಿ, ತೊಟ್ಟಿಯಲ್ಲಿ, ನಲ್ಲಿಯ ನೀರಿನಲ್ಲಿ. ನಾವು ದಿನವೂ ಆ ನೀರಿನಲ್ಲಿ ಸ್ನಾನ ಮಾಡುತ್ತೇವೆ, ಏನೂ ಆಗುವುದಿಲ್ಲ. ಚರ್ಮ ನಮ್ಮನ್ನು ಕಾಯುತ್ತದೆ. ಆ ಚರ್ಮವನ್ನು ದಾಟಿ ಹೊಟ್ಟೆಯ ಗೋಡೆಯ ಕೊಬ್ಬಿನೊಳಕ್ಕೆ ಅದನ್ನು ಕರೆದೊಯ್ದು ಬಿಟ್ಟದ್ದು, ಬಹುಮಟ್ಟಿಗೆ, ಆಪರೇಷನ್ನಿಗೆ ಬಳಸಿದ ಉಪಕರಣವೇ.

ಇದನ್ನು ಓದಿ ಗಾಬರಿಯಾಗಬೇಡಿ. ಪಿತ್ತಕೋಶದ ಇಂಥ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡವರಲ್ಲಿ ಬಹುತೇಕ ಎಲ್ಲರೂ ಯಾವ ತೊಂದರೆಯೂ ಇಲ್ಲದೆ ಮನೆಗೆ ಹೋಗುತ್ತಾರೆ. ಆದರೆ ನಮ್ಮ ದೇಶದ ಶಸ್ತ್ರಚಿಕಿತ್ಸಕರಿಗೆಲ್ಲ ಈ ಗಂಟು-ಕೀವಿನ ಕಥೆ ಚೆನ್ನಾಗಿ ಪರಿಚಿತ. ಇದು ತಡೆಯಬಹುದಾದ ತೊಂದರೆ. ತಡೆಯುವುದು ಹೇಗೆಂದು ತಿಳಿಯಬೇಕಾದರೆ ಆಪರೇಷನ್ ಕೋಣೆಯ ಹಿಂದಿನ ಬಾಗಿಲಿನಿಂದ, ಉಪಕರಣ ತೊಳೆಯುವ ಜಾಗಕ್ಕೆ, ನೀವು ಒಮ್ಮೆ ನನ್ನ ಜೊತೆ ಬರಬೇಕು.

ಹಲ್ಲಿನ ಹಿಡಿ ಹೋಗಿ ಲೋಹದ ಹಿಡಿ ಬಂದದ್ದು

ನೂರಾಅರವತ್ತು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸಕನ ಕತ್ತರಿ, ಚಾಕು, ಗರಗಸಗಳಿಗೆ ಆನೆದಂತದ ಅಥವಾ ಮರದ ಹಿಡಿ ಇರುತ್ತಿತ್ತು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಅವುಗಳನ್ನು ಜೋಡಿಸಿಡುತ್ತಿದ್ದರು. ನೋಡಲು ರಾಜರ ಆಯುಧದ ಹಾಗೆ. ಒಬ್ಬ ರೋಗಿಯ ರಕ್ತ ಒರೆಸಿ ಮತ್ತೊಬ್ಬನ ಮೇಲೆ ಬಳಸುವುದು ವಾಡಿಕೆ. ಕೀವು ಬರುವುದು ಗಾಯ ವಾಸಿಯಾಗುವ ಲಕ್ಷಣವೆಂದೇ ಅನೇಕರು ನಂಬಿದ್ದ ಕಾಲ ಅದು.

1865ರ ಆಗಸ್ಟಿನಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರಚಿಕಿತ್ಸಕರು, ಗಾಡಿಯ ಚಕ್ರ ಹರಿದು ಕಾಲಿನ ಎಲುಬು ಮುರಿದು ಚರ್ಮವೂ ಹರಿದಿದ್ದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆ ಕಟ್ಟಿದರು. ಅಂದಿನ ಕಾಲಕ್ಕೆ ಅಂಥ ಕಾಲನ್ನು ಕತ್ತರಿಸುವುದೇ ಚಿಕಿತ್ಸೆ. ಹುಡುಗನ ಕಾಲು ಉಳಿಯಿತು. ಪಾಶ್ಚರ್ ಹುಳಿಯುವಿಕೆಯ ಬಗ್ಗೆ ಮಾಡಿದ ಸಂಶೋಧನೆಯನ್ನು ಓದಿ, ಗಾಯ ಕೊಳೆಯುವುದಕ್ಕೂ ಕಣ್ಣಿಗೆ ಕಾಣದ ಜೀವಿಗಳೇ ಕಾರಣವಿರಬೇಕೆಂದು ಲಿಸ್ಟರ್ ಊಹಿಸಿದ್ದರು. 1867ರಲ್ಲಿ ಅವರು ತಮ್ಮ ಅನುಭವವನ್ನು ಪ್ರಕಟಿಸಿದರು.

ರಾಸಾಯನಿಕದಿಂದ ರೋಗಾಣುವನ್ನು ಕೊಲ್ಲುವುದು ಲಿಸ್ಟರ್ ಹಾದಿ. ಇದಕ್ಕಿಂತ ನಂಬಿಕಸ್ತ ಹಾದಿಯೊಂದು ಬೇಗನೆ ಬಂತು. ಪಾಶ್ಚರ್ ಅವರ ಸಹಾಯಕ ಶಾರ್ಲ್ ಶಾಂಬರ್ಲಾನ್ 1879ರ ಸುಮಾರಿಗೆ ಒತ್ತಡದ ಹಬೆಯಲ್ಲಿ ವಸ್ತುಗಳನ್ನು ಕಾಯಿಸುವ ಆಟೋಕ್ಲೇವ್ ಎಂಬ ಪಾತ್ರೆಯನ್ನು ತಯಾರಿಸಿದರು. 1880ರ ದಶಕದಲ್ಲಿ ಬರ್ಲಿನ್ನಿನ ಅರ್ನ್ಸ್ಟ್ ಫಾನ್ ಬೆರ್ಗ್‌ಮನ್ ಶಸ್ತ್ರಚಿಕಿತ್ಸೆಯ ಬಟ್ಟೆಬರೆಗಳಿಗೆ ಹಬೆಯ ಶುದ್ಧಿಯನ್ನು ರೂಢಿಗೆ ತಂದರು. ಹಬೆಗೆ ಆನೆದಂತ, ಮರ, ಅಂಟು ತಡೆಯುವುದಿಲ್ಲ. ಹಾಗಾಗಿ ಉಪಕರಣಗಳೇ ರೂಪ ಬದಲಿಸಿಕೊಂಡವು. ಹಿಡಿಯಿಂದ ತುದಿಯವರೆಗೆ ಒಂದೇ ಲೋಹದ, ಕೆತ್ತನೆಯಿಲ್ಲದ, ಬಿಚ್ಚಿ ತೊಳೆಯಬಹುದಾದ ಕತ್ತರಿ, ಇಕ್ಕಳಗಳು ಬಂದವು. ಇಂದು ನೀವು ಆಸ್ಪತ್ರೆಯ ಟ್ರೇನಲ್ಲಿ ಕಾಣುವ ಬೋಳು ಉಕ್ಕಿನ ಸಾಮಾನುಗಳ ಹಿಂದೆ ಈ ಚರಿತ್ರೆಯಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ಕೂಗಿನ ಲೆಕ್ಕ

ಮನೆಯಲ್ಲಿ ಪಾತ್ರೆ ಬೆಳಗಿದರೆ ಥಳಥಳಿಸುತ್ತದೆ. ಆದರೆ ಅದೇ ಪಾತ್ರೆಯ ಮೂಲೆಯಲ್ಲಿ ನಿನ್ನೆಯ ಮೊಸರಿನ ಒಂದು ಚೂರು ಉಳಿದಿದ್ದರೆ, ಕಾಯಿಸಿಟ್ಟ ಹಾಲು ಬೆಳಗ್ಗೆಯೊಳಗೆ ಹುಳಿಯಾಗುತ್ತದೆ. ಕಣ್ಣಿಗೆ ಸ್ವಚ್ಛವಾಗಿ ಕಾಣುವುದು ಬೇರೆ, ಜೀವಾಣು ಇಲ್ಲದಿರುವುದು ಬೇರೆ. ವೈದ್ಯಕೀಯದಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ತೊಳೆಯುವುದು. ಎರಡನೆಯದು ರೋಗ ತರುವ ಬಹುತೇಕ ಜೀವಾಣುಗಳನ್ನು ಕೊಲ್ಲುವುದು, ಇದನ್ನು ಸೋಂಕು ನಿವಾರಣೆ ಎನ್ನೋಣ. ಮೂರನೆಯದು ಒಂದೂ ಜೀವಾಣು ಉಳಿಯದಂತೆ, ಅವುಗಳ ಬೀಜಾಣುಗಳೂ ಸಾಯುವಂತೆ ಮಾಡುವುದು. ಇದೇ ಸ್ಟೆರಿಲೈಸ್ ಮಾಡುವುದು, ಕ್ರಿಮಿಶುದ್ಧಿ.

ಬೀಜಾಣು ಎಂದೆನಲ್ಲ, ಅದನ್ನು ಸ್ವಲ್ಪ ವಿವರಿಸಬೇಕು. ಧನುರ್ವಾಯುವಿನ ರೋಗಾಣುವಿನಂಥ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲ ಬಂದಾಗ ಗಟ್ಟಿ ಕವಚದೊಳಗೆ ಮುದುಡಿಕೊಂಡು ನಿದ್ರೆ ಹೋಗುತ್ತವೆ. ಕುದಿಯುವ ನೀರು ಕೂಡ ಆ ಕವಚವನ್ನು ಭೇದಿಸಲಾರದು. ಹಿಂದೆ ಸೂಜಿ-ಸಿರಿಂಜುಗಳನ್ನು ನೀರಿನಲ್ಲಿ ಕುದಿಸಿ ಬಳಸುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಕಂಡಿರುತ್ತಾರೆ. ಅದು ಎರಡನೆಯ ಮೆಟ್ಟಿಲಷ್ಟೇ. ಅದರಲ್ಲೂ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಬಿಸಿ ಏರದು.

ಒತ್ತಡ ಹೆಚ್ಚಿಸಿದರೆ ಏರುತ್ತದೆ. ನಿಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರ್ ಮಾಡುವುದು ಇದನ್ನೇ, ಆಟೋಕ್ಲೇವ್ ಮಾಡುವುದೂ ಇದನ್ನೇ. ಅದರೊಳಗೆ ಹಬೆ 121 ಡಿಗ್ರಿಗೆ ಏರುತ್ತದೆ, ಆಧುನಿಕ ಯಂತ್ರಗಳಲ್ಲಿ 134 ಡಿಗ್ರಿಗೆ. ಯಂತ್ರದ ಬಗೆಯನ್ನೂ ಗಂಟು ಕಟ್ಟಿದ ರೀತಿಯನ್ನೂ ನೋಡಿ ಆ ಶಾಖದಲ್ಲಿ ಎಷ್ಟು ನಿಮಿಷ ಇಡಬೇಕೆಂಬ ಲೆಕ್ಕವಿದೆ. ಹೆಚ್ಚು ಬಿಸಿಯಾದರೆ ಕೆಲವೇ ನಿಮಿಷ ಸಾಕು, ಕಡಿಮೆಯಾದರೆ ಅರ್ಧ ಗಂಟೆಯೂ ಬೇಕಾಗಬಹುದು.

ಕುಕ್ಕರ್ ಬಳಸುವ ಗೃಹಿಣಿಗೆ ಆಟೋಕ್ಲೇವಿನ ದೋಷಗಳನ್ನು ನಾನು ಹೇಳಿಕೊಡಬೇಕಾಗಿಲ್ಲ. ವೆಯಿಟ್ ಹಾಕುವ ಮೊದಲು ಹಬೆ ಭರ್ರನೆ ಬರುವ ತನಕ ನೀವು ಕಾಯುತ್ತೀರಿ. ಏಕೆ? ಒಳಗಿನ ಗಾಳಿ ಹೊರಗೆ ಹೋಗಲೆಂದು. ಗಾಳಿ ಉಳಿದಿದ್ದ ಕಡೆ ಹಬೆ ತಲುಪುವುದಿಲ್ಲ, ಹಬೆ ತಲುಪದ ಕಡೆ ಬೇಳೆ ಬೇಯುವುದಿಲ್ಲ. ಆಪರೇಷನ್ನಿನ ಬಟ್ಟೆಯ ದೊಡ್ಡ ಗಂಟಿನ ನಟ್ಟನಡುವೆ ಗಾಳಿ ಸಿಕ್ಕಿಕೊಂಡರೆ ಅಲ್ಲಿಯೂ ಹೀಗೆಯೇ. ಇದನ್ನು ಪತ್ತೆ ಹಚ್ಚಲು ಎಡಿನ್‌ಬರೋದ ಬೋವಿ ಮತ್ತು ಡಿಕ್ ಎಂಬ ಇಬ್ಬರು 1963ರಲ್ಲಿ ಒಂದು ಸರಳ ಪರೀಕ್ಷೆ ಕಂಡುಹಿಡಿದರು. ನಿರ್ವಾತ ಆಟೋಕ್ಲೇವ್ ಇರುವ ಆಸ್ಪತ್ರೆಗಳಲ್ಲಿ ದಿನದ ಕೆಲಸ ಆರಂಭವಾಗುವುದೇ ಈಗಲೂ ಆ ಪರೀಕ್ಷೆಯಿಂದ. ಕುಕ್ಕರಿನಲ್ಲಿ ಪಾತ್ರೆಗಳನ್ನು ತುರುಕಿದರೆ ನಡುವಿನದು ಅರೆಬೆಂದಿರುವಂತೆ, ಆಟೋಕ್ಲೇವನ್ನು ಕಿಕ್ಕಿರಿದು ತುಂಬಿದರೂ ಅದೇ ಪಾಡು. ಒದ್ದೆಯಾಗಿ ಹೊರಬಂದ ಗಂಟನ್ನು ಶುದ್ಧವೆಂದು ಎಣಿಸುವಂತೆಯೇ ಇಲ್ಲ, ಏಕೆಂದರೆ ಒದ್ದೆ ಬಟ್ಟೆಯ ಮೂಲಕ ಹೊರಗಿನ ಜೀವಾಣು ಒಳಗೆ ಇಳಿಯುತ್ತದೆ. ಇನ್ನು ನಡುವೆ ಕರೆಂಟು ಹೋದರೆ? ಮೊದಲಿನಿಂದ ಮತ್ತೆ ಆರಂಭಿಸಬೇಕು. "ಆಗಲೇ ಅರ್ಧ ಆಗಿತ್ತಲ್ಲ" ಎಂಬ ರಿಯಾಯಿತಿ ಇಲ್ಲಿ ನಡೆಯದು.

ಗಂಟಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಕಪ್ಪು ಗೆರೆಗಳು ಮೂಡಿರುವುದನ್ನು ನೀವು ನೋಡಿರಬಹುದು. ಆ ಗಂಟು ಆಟೋಕ್ಲೇವಿನೊಳಗೆ ಹೋಗಿ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ, ಒಳಗಿನ ಉಪಕರಣ ಶುದ್ಧವಾಗಿದೆ ಎಂಬುದಕ್ಕಲ್ಲ. ಕುಕ್ಕರ್ ಮೂರು ಸಲ ಕೂಗಿದ್ದು ಕೇಳಿಸಿತು, ಅಷ್ಟೇ. ಬೇಳೆ ಬೆಂದಿದೆಯೇ ಎಂದು ತಿಳಿಯಲು ಮುಚ್ಚಳ ತೆಗೆದು ಹಿಚುಕಿ ನೋಡಬೇಕು. ಅದಕ್ಕಾಗಿ ಗಂಟಿನ ಒಳಗಡೆಯೂ ಬಣ್ಣ ಬದಲಿಸುವ ಒಂದು ಪಟ್ಟಿ ಇಡುತ್ತಾರೆ. ನಿಗದಿತ ದಿನಗಳಲ್ಲಿ ಶಾಖಕ್ಕೆ ಸುಲಭವಾಗಿ ಸಾಯದ, ಆದರೆ ಮನುಷ್ಯರಿಗೆ ರೋಗ ತರದ ಬೀಜಾಣುಗಳಿರುವ ಸಣ್ಣ ಶೀಸೆಯೊಂದನ್ನು ಆಟೋಕ್ಲೇವಿನಲ್ಲಿಟ್ಟು, ಅವು ಸತ್ತಿವೆಯೇ ಎಂದು ಬೆಳೆಸಿ ನೋಡುತ್ತಾರೆ. ಈ ಪರೀಕ್ಷೆಯ ದಾಖಲೆ ಇಲ್ಲದ ಆಟೋಕ್ಲೇವ್ ಎಷ್ಟೇ ದುಬಾರಿಯದಾದರೂ ನಂಬಿಕೆಯ ಮೇಲೆ ನಡೆಯುತ್ತಿರುವ ಆಟೋಕ್ಲೇವ್.

ಆದರೆ ಇದೆಲ್ಲದಕ್ಕಿಂತ ಮುಂಚಿನ ಕೆಲಸವೊಂದಿದೆ. ತೊಳೆಯುವುದು. ಹಾಲು ಕಾಯಿಸಿದ ಪಾತ್ರೆಗೆ ನೀರು ಹಾಕಿಡದೆ ಒಣಗಲು ಬಿಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ಇಕ್ಕಳದ ಕೀಲಿನಲ್ಲಿ ಒಣಗಿದ ರಕ್ತವೂ ಹಾಗೆಯೇ. ಅದನ್ನು ಹಾಗೇ ಬಿಸಿ ಮಾಡಿದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ, ಅದರಡಿಯ ರೋಗಾಣುಗಳಿಗೆ ಸೂರಾಗುತ್ತದೆ. ಆದುದರಿಂದ ಆಪರೇಷನ್ ಮುಗಿದ ಕೂಡಲೇ ಉಪಕರಣಗಳನ್ನು ಒದ್ದೆಯಾಗಿಟ್ಟು, ಬಿಡಿಭಾಗಗಳನ್ನು ಬಿಚ್ಚಿ, ಕಿಣ್ವವಿರುವ ಮಾರ್ಜಕದಲ್ಲಿ ನೆನೆಸಿ, ಕೊಳವೆಗಳೊಳಗೆ ಬ್ರಷ್ ಆಡಿಸಿ ತೊಳೆಯಬೇಕು. ಬೇಸರದ ಕೆಲಸ, ಕಣ್ಣು ನೋಯಿಸುವ ಕೆಲಸ. ಗುಣವಾಗಿ ಮನೆಗೆ ಹೋಗುವಾಗ ನೀವು ಸರ್ಜನ್ನರ ಕೈ ಹಿಡಿದು ಕೃತಜ್ಞತೆ ಹೇಳುತ್ತೀರಿ, ನರ್ಸಮ್ಮನಿಗೆ ಸಿಹಿ ಕೊಡುತ್ತೀರಿ. ನೆಲಮಾಳಿಗೆಯ ಕೋಣೆಯಲ್ಲಿ ಬ್ರಷ್ ಹಿಡಿದು ನಿಂತವರನ್ನು ಯಾರೂ ಕಾಣುವುದಿಲ್ಲ. ನನ್ನ ಅನುಭವದಲ್ಲಿ ಆ ಕೋಣೆಯನ್ನು ನೋಡಿದರೆ ಆಸ್ಪತ್ರೆಯ ಬಗ್ಗೆ ಗೊತ್ತಾಗುವಷ್ಟು, ಅದರ ಅಮೃತಶಿಲೆಯ ಸ್ವಾಗತ ಕೋಣೆಯನ್ನು ನೋಡಿದರೆ ಗೊತ್ತಾಗುವುದಿಲ್ಲ.

ಇಪ್ಪತ್ತು ನಿಮಿಷದ ಸ್ನಾನ

ಈಗ ನಮ್ಮ ಗೃಹಿಣಿಯ ಕಥೆಗೆ ಮರಳೋಣ.

ಲ್ಯಾಪರೋಸ್ಕೋಪ್ ವಿಧಾನದಲ್ಲಿ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಭಾರತದಲ್ಲಿ ಆರಂಭಿಸಿದವರು ಮುಂಬೈಯ ಡಾ. ತೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ. ದೊಡ್ಡ ಗಾಯವಿಲ್ಲ, ನೋವು ಕಡಿಮೆ, ಬೇಗ ಕೆಲಸಕ್ಕೆ ಹೋಗಬಹುದು. ಕೆಲವೇ ವರ್ಷಗಳಲ್ಲಿ ಅದು ಜಿಲ್ಲಾ ಕೇಂದ್ರಗಳಿಗೂ ತಾಲ್ಲೂಕಿನ ನರ್ಸಿಂಗ್ ಹೋಮ್‌ಗಳಿಗೂ ಹಬ್ಬಿತು. ರೋಗಿಗಳಿಗೆ ನಿಜಕ್ಕೂ ಉಪಕಾರವಾಯಿತು. ಆದರೆ ಒಂದು ತೊಡಕು ಜೊತೆಗೇ ಬಂತು. ಹಬೆಗಾಗಿ ಹಲ್ಲಿನ ಹಿಡಿಯನ್ನು ಬಿಟ್ಟುಕೊಟ್ಟ ಶಸ್ತ್ರಚಿಕಿತ್ಸೆಗೆ ಹಬೆಗೆ ಒಗ್ಗದ ಉಪಕರಣಗಳು ಮತ್ತೆ ಬಂದವು. ಆರಂಭದ ದುರ್ಬೀನುಗಳ ಮಸೂರ, ಅಂಟು, ಕೇಬಲ್ಲುಗಳು ಹೆಚ್ಚಿನ ಶಾಖಕ್ಕೆ ಕೆಡುತ್ತಿದ್ದವು. ಇಕ್ಕಳಗಳು ಮೂವತ್ತು ಸೆಂಟಿಮೀಟರಿಗೂ ಉದ್ದದ ಸಪೂರ ಕೊಳವೆಗಳು, ಮೇಲೆ ವಿದ್ಯುತ್ ನಿರೋಧಕ ಹೊದಿಕೆ. ಕೆಲವನ್ನು ಬಿಚ್ಚಲು ಕೂಡ ಬರುತ್ತಿರಲಿಲ್ಲ.

ಹಾಗಾಗಿ ಅವುಗಳನ್ನು ಗ್ಲುಟರಾಲ್ಡಿಹೈಡ್ ಎಂಬ ಘಾಟು ದ್ರಾವಣದ ಟ್ರೇನಲ್ಲಿ ಮುಳುಗಿಸಿಡುವುದು ರೂಢಿಯಾಯಿತು. ಈ ದ್ರಾವಣ ಒಳ್ಳೆಯದೇ. ಶೇಕಡ 2ರ ದ್ರಾವಣದಲ್ಲಿ ಸುಮಾರು ಇಪ್ಪತ್ತು ನಿಮಿಷ ಇಟ್ಟರೆ ಎರಡನೆಯ ಮೆಟ್ಟಿಲಿನ ಶುದ್ಧಿ ಸಿಗುತ್ತದೆ. ಮೂರನೆಯ ಮೆಟ್ಟಿಲು, ಅಂದರೆ ಬೀಜಾಣುಗಳೂ ಸಾಯುವ ಕ್ರಿಮಿಶುದ್ಧಿ ಬೇಕಾದರೆ ಹತ್ತು ಗಂಟೆ ಮುಳುಗಿರಬೇಕು. ದಿನಕ್ಕೆ ಐದಾರು ಆಪರೇಷನ್, ಇರುವುದು ಒಂದೇ ಜೊತೆ ಉಪಕರಣ. ಹತ್ತು ಗಂಟೆ ಯಾರು ಕಾಯುತ್ತಾರೆ? ಇಪ್ಪತ್ತು ನಿಮಿಷದ ಸ್ನಾನ ಮಾಡಿಸಿ ಮುಂದಿನ ರೋಗಿಗೆ ಬಳಸುವುದು. ಇದನ್ನು ಸೋಮಾರಿತನವೆಂದು ಬೈದು ಪ್ರಯೋಜನವಿಲ್ಲ. ಎರಡನೆಯ ಜೊತೆ ಉಪಕರಣಕ್ಕೆ ಹಣ ಹೊಂದಿಸಲಾಗದ, ಅಥವಾ ಹೊಂದಿಸಲು ಮನಸ್ಸು ಮಾಡದ ಲೆಕ್ಕಾಚಾರ ಇದರ ಮೂಲ.

ಆ ಟ್ರೇನಲ್ಲಿ ತಪ್ಪುಗಳಿಗೆ ಎಷ್ಟು ಅವಕಾಶವಿದೆ ನೋಡಿ. ದ್ರಾವಣವನ್ನು ಚುರುಕುಗೊಳಿಸಿದ ಮೇಲೆ ಸಾಮಾನ್ಯವಾಗಿ ಹದಿನಾಲ್ಕು ದಿನ ಮಾತ್ರ ಬಳಸಬೇಕು, ತಯಾರಕರು ಹೇಳಿದ್ದರೆ ಇನ್ನೂ ಕೆಲವು ದಿನ. ಒದ್ದೆ ಉಪಕರಣ ಹಾಕಿದಾಗಲೆಲ್ಲ ಅದು ತೆಳುವಾಗುತ್ತದೆ. ತೊಳೆಯದ ಕೊಳವೆಯೊಳಗೆ ಅದು ಇಳಿಯುವುದೇ ಇಲ್ಲ. ಮೈಕೋಬ್ಯಾಕ್ಟೀರಿಯಾಗಳಿಗೆ ಮೇಣದಂಥ ಹೊರಪದರ ಇರುವುದರಿಂದ ಸಾಧಾರಣ ರೋಗಾಣುಗಳಿಗಿಂತ ಅವು ಗಟ್ಟಿಪಿಂಡಗಳು, ಕೆಲವು ತಳಿಗಳು ಈ ದ್ರಾವಣವನ್ನೇ ಸಹಿಸಿಕೊಳ್ಳುತ್ತವೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೊನೆಯಲ್ಲೊಂದು ಗುಂಡಿಯಿದೆ. ದ್ರಾವಣ ವಿಷವಾದ್ದರಿಂದ ಬಳಸುವ ಮೊದಲು ಉಪಕರಣವನ್ನು ನೀರಿನಲ್ಲಿ ಜಾಲಾಡಲೇಬೇಕು. ಆ ನೀರು ಕ್ರಿಮಿಶುದ್ಧವಾಗಿರಬೇಕು. ನಲ್ಲಿಯ ನೀರಿನಲ್ಲೋ, ನಿನ್ನೆ ಕುದಿಸಿ ತೆರೆದಿಟ್ಟ ನೀರಿನಲ್ಲೋ ಜಾಲಾಡಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಿಮ್ಮ ಮನೆಯ ನೀರಿನ ತೊಟ್ಟಿಯ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ಜಾರುವ ತೆಳು ಲೋಳೆ ಸಿಗುತ್ತದೆ. ಅದು ಜೀವಾಣುಗಳು ಕಟ್ಟಿಕೊಂಡ ಬಡಾವಣೆ. ನೀರಿಗೆ ಹಾಕಿದ ಕ್ಲೋರಿನ್ ಆ ಲೋಳೆಯ ಮೇಲ್ಭಾಗವನ್ನಷ್ಟೇ ಮುಟ್ಟುತ್ತದೆ. ಆಸ್ಪತ್ರೆಯ ಕೊಳಾಯಿಗಳೊಳಗೂ ಇದೇ ಇದೆ.

ಬ್ರೆಜಿಲ್ ದೇಶ ಈ ಪಾಠವನ್ನು ತುಂಬ ಕಷ್ಟಪಟ್ಟು ಕಲಿಯಿತು. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಅನೇಕ ರಾಜ್ಯಗಳಲ್ಲಿ ಲ್ಯಾಪರೋಸ್ಕೋಪ್ ಹಾಗೂ ಇತರ ಶಸ್ತ್ರಚಿಕಿತ್ಸೆಗಳ ನಂತರ ಮೈಕೋಬ್ಯಾಕ್ಟೀರಿಯಾ ಸೋಂಕು ಸಾವಿರಕ್ಕೂ ಹೆಚ್ಚು ಜನರನ್ನು ಕಾಡಿತು. ಕೊನೆಗೆ 2009ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ನಿಯಂತ್ರಣ ಸಂಸ್ಥೆಯು ಇಂಥ ಉಪಕರಣಗಳನ್ನು ದ್ರಾವಣದಲ್ಲಿ ಅದ್ದಿ ಕ್ರಿಮಿಶುದ್ಧಿ ಮಾಡುವ ಪದ್ಧತಿಯನ್ನೇ ನಿಲ್ಲಿಸಿತು.

ಪರಿಹಾರ ಇಲ್ಲದಿಲ್ಲ. ಇಂದು ತಯಾರಾಗುವ ಲ್ಯಾಪರೋಸ್ಕೋಪ್ ಉಪಕರಣಗಳಲ್ಲಿ ಹೆಚ್ಚಿನವನ್ನು ಬಿಚ್ಚಿ ಆಟೋಕ್ಲೇವಿನಲ್ಲಿ ಇಡಬಹುದು. ಶಾಖ ತಡೆಯದವುಗಳಿಗೆ ಎಥಿಲೀನ್ ಆಕ್ಸೈಡ್ ಅನಿಲವಿದೆ. ಆದರೆ ಆ ಅನಿಲ ವಿಷ, ಉಪಕರಣದಿಂದ ಅದು ಪೂರ್ತಿ ಹೋಗಲು ಹಲವು ಗಂಟೆ ಬೇಕು. ಹೈಡ್ರೋಜನ್ ಪೆರಾಕ್ಸೈಡ್ ಆವಿಯಿಂದ 50 ಡಿಗ್ರಿಯ ಸುಮಾರಿನಲ್ಲಿ, ಗಂಟೆಯೊಂದರ ಆಸುಪಾಸಿನಲ್ಲಿ ಕೆಲಸ ಮುಗಿಸುವ ಯಂತ್ರಗಳೂ ಬಂದಿವೆ, ಬೆಲೆ ಮಾತ್ರ ಹೆಚ್ಚು. ಎಲ್ಲಕ್ಕಿಂತ ಸುಲಭದ ಉಪಾಯವೆಂದರೆ ಉಪಕರಣದ ಜೊತೆಗಳನ್ನು ಹೆಚ್ಚಿಸಿಕೊಂಡು, ಜೊತೆ ಎಷ್ಟಿದೆಯೋ ಅಷ್ಟೇ ಆಪರೇಷನ್ನುಗಳನ್ನು ಒಂದು ದಿನಕ್ಕೆ ಇಟ್ಟುಕೊಳ್ಳುವುದು. ದಿನದ ಮೊದಲ ಆಪರೇಷನ್ ತಮ್ಮದೇ ಆಗಲೆಂದು ಕೆಲವರು ಶಿಫಾರಸು ಹಿಡಿದು ಬರುತ್ತಾರೆ. ಆರನೆಯವನು ಏನು ಪಾಪ ಮಾಡಿದ್ದಾನೆ?

ಗಾಯ ಮುಟ್ಟದ ವಸ್ತುಗಳು

ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ ಎಂಬ ಸೂಕ್ಷ್ಮಜೀವಿ ತಜ್ಞರು ಉಪಕರಣಗಳನ್ನು ಅವು ದೇಹದ ಎಲ್ಲಿಗೆ ಹೋಗುತ್ತವೆ ಎಂಬುದರ ಮೇಲೆ ವಿಂಗಡಿಸಿದ್ದರು. ಗಾಯದೊಳಗೆ, ರಕ್ತದೊಳಗೆ ಹೋಗುವಂಥದ್ದು ಪೂರ್ತಿ ಕ್ರಿಮಿಶುದ್ಧವಾಗಿರಬೇಕು. ಬಾಯಿ, ಗಂಟಲು, ಕರುಳಿನ ಲೋಳೆಪೊರೆಯನ್ನು ಮುಟ್ಟುವಂಥದ್ದಕ್ಕೆ ಎರಡನೆಯ ಮೆಟ್ಟಿಲಿನಷ್ಟಾದರೂ ಬೇಕು. ಚರ್ಮವನ್ನಷ್ಟೇ ಮುಟ್ಟುವಂಥದ್ದನ್ನು ಚೆನ್ನಾಗಿ ಒರೆಸಿದರೆ ಸಾಕು. ಈ ವಿಂಗಡಣೆ ಈಗಲೂ ಎಲ್ಲೆಡೆ ಬಳಕೆಯಲ್ಲಿದೆ. ಆದರೆ ಮೂರನೆಯ ಗುಂಪನ್ನು ಒರೆಸಲೂ ಯಾರಿಗೂ ನೆನಪಿರುವುದಿಲ್ಲ. ರಕ್ತದೊತ್ತಡ ಅಳೆಯುವ ಪಟ್ಟಿ, ಅರಿವಳಿಕೆ ಯಂತ್ರದ ಗುಂಡಿಗಳು, ಕೈಗೆ ಬಿಗಿಯುವ ರಬ್ಬರ್, ಮಾನಿಟರಿನ ತಂತಿಗಳು, ಇತ್ತೀಚೆಗೆ ಎಲ್ಲರ ಜೇಬಿನಲ್ಲಿರುವ ಮೊಬೈಲ್ ಫೋನ್. ಇವು ಗಾಯವನ್ನು ಮುಟ್ಟುವುದಿಲ್ಲ, ಇವನ್ನು ಮುಟ್ಟಿದ ಕೈ ಸಿರಿಂಜನ್ನು ಮುಟ್ಟುತ್ತದೆ.

ಹಿಂದೆ ನಮ್ಮ ಅಜ್ಜಿಯಂದಿರು ಮಡಿಸೀರೆಯನ್ನು ಕೋಲಿನಿಂದ ಎತ್ತಿ ಗಳುವಿನ ಮೇಲೆ ಹರವುತ್ತಿದ್ದರು. ಯಾರ ಕೈ ತಾಗಿದರೂ ಮತ್ತೆ ಒಗೆಯಬೇಕು. ಆ ಮಡಿಯ ಸರಿತಪ್ಪಿನ ಚರ್ಚೆ ಇಲ್ಲಿ ಬೇಡ. ಆದರೆ ಆಪರೇಷನ್ ಕೋಣೆಯ ಶಿಸ್ತು ಇದೇ ಬಗೆಯದು. ಗ್ಲೌಸ್ ಹಾಕಿದ ಕೈ ಸೊಂಟದಿಂದ ಕೆಳಗೆ ಇಳಿದರೆ, ಗೌನಿನ ಬೆನ್ನಿಗೆ ತಾಗಿದರೆ, ಅದು ಮೈಲಿಗೆ. ಇಲ್ಲಿ ಮೈಲಿಗೆ ಮಾಡುವುದು ಯಾವ ಜಾತಿಯೂ ಅಲ್ಲ, ಆರೋಗ್ಯವಂತರ ಮೂಗಿನಲ್ಲೂ ಇರುವ ಸ್ಟೆಫಿಲೋಕಾಕಸ್. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದರ ಒಂದು ಬಲವಾದ ತಳಿ ಹಾಯಾಗಿ ವಾಸಿಸುತ್ತದೆ, ಸರ್ಜನ್ ಇರಲಿ, ರೋಗಿ ಇರಲಿ.

ಚರ್ಮದ ಹೊಟ್ಟಿನ ಮೇಲೆ ಕುಳಿತು ಈ ಜೀವಾಣುಗಳು ಗಾಳಿಯಲ್ಲಿ ತೇಲಿ, ಬಿಚ್ಚಿಟ್ಟ ಉಪಕರಣಗಳ ಮೇಲೆ ಇಳಿಯುತ್ತವೆ. ಇಂಗ್ಲೆಂಡಿನಲ್ಲಿ ಸೊಂಟದ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಗೆ ಹೆಸರಾದ ಜಾನ್ ಚಾರ್ನ್ಲಿ 1960ರ ದಶಕದಲ್ಲಿ ಶೋಧಿಸಿದ ಗಾಳಿ, ಒತ್ತಾದ ಗೌನು ಮುಂತಾದುವನ್ನು ಒಂದೊಂದಾಗಿ ಜಾರಿಗೆ ತಂದಂತೆ, ನೂರಕ್ಕೆ ಸುಮಾರು ಏಳರಷ್ಟಿದ್ದ ಸೋಂಕು ಒಂದಕ್ಕಿಂತ ಕೆಳಗೆ ಇಳಿಯಿತು. ಅಂಥ ದುಬಾರಿ ಗಾಳಿಯ ವ್ಯವಸ್ಥೆ ಎಲ್ಲ ಆಸ್ಪತ್ರೆಗಳಿಗೂ ಸಾಧ್ಯವಿಲ್ಲ. ಆದರೆ ಬಾಗಿಲನ್ನು ಮುಚ್ಚಿಡುವುದಕ್ಕೆ, ಕೋಣೆಯಲ್ಲಿ ಜನ ಕಡಿಮೆ ಮಾಡುವುದಕ್ಕೆ, ಟ್ರೇಯನ್ನು ಬೇಕಾದ ಹೊತ್ತಿಗೆ ಸರಿಯಾಗಿ ಬಿಚ್ಚುವುದಕ್ಕೆ ಖರ್ಚಿಲ್ಲ. ಸಂಬಂಧಿಕರಲ್ಲೊಬ್ಬರು ಡಾಕ್ಟರೆಂದು ಅವರನ್ನು ಆಪರೇಷನ್ ನೋಡಲು ಒಳಗೆ ಕಳಿಸಬೇಕೆಂದು ಒತ್ತಾಯ ಮಾಡುವವರು ದಯವಿಟ್ಟು ಇದನ್ನು ಗಮನಿಸಿ.

ಶನಿವಾರ ಸಂಜೆ ಥಿಯೇಟರ್ ಮುಚ್ಚಿ ಫಾರ್ಮಲಿನ್ ಹೊಗೆ ಹಾಕುವ ಪದ್ಧತಿ ನಮ್ಮಲ್ಲಿ ಬಹಳ ಕಾಲ ನಡೆದಿತ್ತು. ಸೋಮವಾರ ಕಣ್ಣುರಿಸುವ ಆ ವಾಸನೆ ಬಂದರೆ ಎಲ್ಲರಿಗೂ ಸಮಾಧಾನ. ಆದರೆ ಧೂಳು, ರಕ್ತದ ಕಲೆ ಇರುವ ಕಡೆ ಹೊಗೆ ಏನೂ ಮಾಡಲಾರದು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ನೆಲ, ಮೇಜು, ದೀಪಗಳನ್ನು ದಿನವೂ ಪ್ರತಿ ಆಪರೇಷನ್ನಿನ ನಡುವೆಯೂ ಒರೆಸುವುದೇ ಹೊಗೆಗಿಂತ ಮೇಲು.

ಉಪಕರಣ ಶುದ್ಧವಾಗಿದ್ದು, ಅದರ ಜೊತೆ ದೇಹದೊಳಗೆ ಹೋಗುವ ದ್ರವ ಕೆಟ್ಟಿದ್ದರೂ ಅನಾಹುತ ತಪ್ಪದು. 2019ರ ಜುಲೈನಲ್ಲಿ ಬೆಂಗಳೂರಿನ ಸರ್ಕಾರಿ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವರಿಗೆ ಸೋಂಕು ತಗುಲಿ ಕೆಲವರು ದೃಷ್ಟಿ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ಆಗ ಬೆರಳು ತೋರಿದ್ದು ಕಣ್ಣಿನೊಳಗೆ ಬಿಡುವ ಲೋಳೆಯಂಥ ಔಷಧಿಯ ಕಡೆಗೆ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತವನ್ನು ತಂಪು-ಬಿಸಿ ಮಾಡುವ ಯಂತ್ರದ ನೀರಿನ ತೊಟ್ಟಿಯಲ್ಲಿ ಮೈಕೋಬ್ಯಾಕ್ಟೀರಿಯಾ ಬೆಳೆದು, ಯಂತ್ರದ ಫ್ಯಾನಿನ ಗಾಳಿಯೊಡನೆ ತೇಲಿಬಂದು ರೋಗಿಗಳ ಎದೆಗೆ ಸೇರಿದ್ದನ್ನು 2013ರ ನಂತರ ಸ್ವಿಟ್ಜರ್ಲೆಂಡಿನ ವೈದ್ಯರು ಪತ್ತೆ ಹಚ್ಚಿದರು. ಯಂತ್ರ ಇದ್ದದ್ದು ಮೂಲೆಯಲ್ಲಿ, ರೋಗಿಯನ್ನು ಅದು ಮುಟ್ಟಿಯೇ ಇರಲಿಲ್ಲ.

ಮನೆಯವರು ಏನು ಮಾಡಬಹುದು?

ಆಪರೇಷನ್ನಿನ ದಿನಾಂಕ ಗೊತ್ತಾದ ಮೇಲೆ ಸರ್ಜನ್ನರನ್ನು ಕೇಳುವ ಪ್ರಶ್ನೆಗಳಲ್ಲಿ ಇದನ್ನೂ ಸೇರಿಸಿ: "ಡಾಕ್ಟ್ರೇ, ನನಗೆ ಬಳಸುವ ಉಪಕರಣಗಳನ್ನು ಆಟೋಕ್ಲೇವ್ ಮಾಡಿರುತ್ತೀರಾ, ದ್ರಾವಣದಲ್ಲಿ ಅದ್ದಿರುತ್ತೀರಾ?" ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಒಮ್ಮೆ ಮಾತ್ರ ಬಳಸಬೇಕಾದ ಸಾಮಾನನ್ನು ಮತ್ತೆ ಬಳಸುತ್ತಾರೆಯೇ ಎಂದೂ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತೆಯ ಪಟ್ಟಿಯಲ್ಲಿ, ಉಪಕರಣಗಳು ಕ್ರಿಮಿಶುದ್ಧವಾಗಿವೆಯೇ, ಒಳಪಟ್ಟಿಯ ಬಣ್ಣ ಬದಲಾಗಿದೆಯೇ ಎಂದು ಚಾಕು ಇಡುವ ಮೊದಲು ನರ್ಸ್ ಗಟ್ಟಿಯಾಗಿ ಹೇಳಬೇಕೆಂದಿದೆ. ನವದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ನಿಮ್ಮ ಆಸ್ಪತ್ರೆಯಲ್ಲಿ ಈ ಪಟ್ಟಿ ಬಳಕೆಯಲ್ಲಿದೆಯೇ ಎಂದು ವಿಚಾರಿಸುವ ಹಕ್ಕು ನಿಮಗಿದೆ.

ನಿಮ್ಮ ಪಾಲಿನ ಕೆಲಸವೂ ಇದೆ. ಹಿಂದಿನ ರಾತ್ರಿ ಅಥವಾ ಆ ದಿನ ಬೆಳಗ್ಗೆ ಸೋಪು ಹಚ್ಚಿ ಸ್ನಾನ ಮಾಡಿ, ಹೊಕ್ಕುಳನ್ನು ಮರೆಯದೆ ಸ್ವಚ್ಛಗೊಳಿಸಿ. ಮನೆಯಲ್ಲೇ ರೇಜರಿನಿಂದ ಕೂದಲು ಬೋಳಿಸಿಕೊಳ್ಳಬೇಡಿ. ರೇಜರ್ ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ಜೀವಾಣು ಬೆಳೆಯುತ್ತದೆ. ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರಿನಿಂದ ತೆಗೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಬೀಡಿ-ಸಿಗರೇಟನ್ನು ಕೆಲವು ವಾರ ಮುಂಚೆಯೇ ಬಿಡಿ.

ಸೋಂಕೆಲ್ಲ ಮೊದಲ ವಾರದಲ್ಲೇ ಕಾಣಿಸಬೇಕೆಂದಿಲ್ಲ. ಗಾಯ ಕೆಂಪಾಗಿ ಊದಿ, ಜ್ವರ ಬಂದು, ದಟ್ಟ ಕೀವು ಬಂದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಆದರೆ ವಾಸಿಯಾದ ಗಾಯದಲ್ಲಿ ತಿಂಗಳ ಮೇಲೆ, ಕೆಲವೊಮ್ಮೆ ಎರಡು-ಮೂರು ತಿಂಗಳ ಮೇಲೆ, ನೋವಿಲ್ಲದ ಗಂಟು ಎದ್ದು ಒಸರಿದರೆ ಮನೆಮದ್ದು ಮಾಡುತ್ತ, ಔಷಧಿ ಅಂಗಡಿಯ ಮಾತ್ರೆ ನುಂಗುತ್ತ ಕೂರಬೇಡಿ. ಕೀವನ್ನು ಮೈಕೋಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡಲು ಹೇಳಿ. ಇದನ್ನು ಹೊಟ್ಟೆಯ ಕ್ಷಯವೆಂದು ತಪ್ಪು ತಿಳಿದು ಕ್ಷಯದ ಮಾತ್ರೆ ಆರಂಭಿಸುವುದೂ ಉಂಟು. ಕ್ಷಯದ ಸಾಮಾನ್ಯ ಔಷಧಿಗಳಲ್ಲಿ ಹೆಚ್ಚಿನವಕ್ಕೆ ಈ ರೋಗಾಣು ಬಗ್ಗುವುದಿಲ್ಲ.

ನಮ್ಮ ಗೃಹಿಣಿಗೆ ಪರೀಕ್ಷೆಯ ವರದಿಯ ಪ್ರಕಾರ ಆರಿಸಿದ ಎರಡು ಔಷಧಿಗಳನ್ನು ಆರು ತಿಂಗಳು ಕೊಡಬೇಕಾಯಿತು. ಒಂದು ಗಂಟನ್ನು ಕೊಯ್ದು ತೆಗೆಯಬೇಕಾಯಿತು. ಈಗ ಗುಣವಾಗಿದ್ದಾರೆ. ಮೊದಲ ಆಪರೇಷನ್ ಮಾಡಿದ ಆಸ್ಪತ್ರೆಗೆ ಈ ವಿಷಯ ತಿಳಿಸಿದಿರಾ ಎಂದು ಕೇಳಿದೆ. "ಅವರಿಗೆ ಹೇಳಿ ಏನು ಪ್ರಯೋಜನ, ಜಗಳ ಯಾಕೆ ಅಂತ ಸುಮ್ಮನಾದೆವು" ಎಂದರು. ವರದಿಯ ನಕಲನ್ನು ಅಂಚೆಯಲ್ಲಾದರೂ ಕಳಿಸಿ ಎಂದೆ. ಹೊಲಿಗೆ ಬಿಚ್ಚಿದ ದಿನ ಆ ಸರ್ಜನ್ನರು ಕಂಡದ್ದು ಚೆನ್ನಾಗಿ ಕೂಡಿಕೊಂಡ ಗಾಯವನ್ನು. ಅದರ ನಂತರ ಏನಾಯಿತೆಂದು ಅವರಿಗೆ ಗೊತ್ತಾಗುವುದು ರೋಗಿ ಹೇಳಿದರೆ ಮಾತ್ರ. ಅವರ ಟ್ರೇನಲ್ಲಿ ಆ ದ್ರಾವಣ ಇನ್ನೂ ಇದ್ದರೆ, ಅದರ ಮುಂದೆ ನಾಳೆ ಬೆಳಗ್ಗೆ ಇನ್ನೊಬ್ಬರು ಮಲಗುವವರಿದ್ದಾರೆ.